ಮನೆಗೊಬ್ಬ ವೈದ್ಯ, ಕೈಗೊಂದು ಕಾರ್ಡು: ಆನವಟ್ಟಿ ಸೀಮೆಯಲ್ಲಿ ಸರ್ಕಾರಿ ಆರೋಗ್ಯ ವಿಮೆ

(ಕಾಲೇಜಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಠ್ಯ)



ದತ್ತಿ ಉಪನ್ಯಾಸವೆಂದರೆ ಸಾಹಿತ್ಯವೋ ಇತಿಹಾಸವೋ ಶಾಸನವೋ ಆಗಿರುವುದು ವಾಡಿಕೆ. ಇವತ್ತು ನಾನು ಆರಿಸಿಕೊಂಡಿರುವುದು ಮನೆಮನೆಯ ಕಪಾಟಿನಲ್ಲಿ, ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಕೂತಿರುವ ಆರೋಗ್ಯ ಕಾರ್ಡಿನ ವಿಷಯವನ್ನು. ಆ ಕಾರ್ಡು ಇರುವವರೆಲ್ಲ ಒಮ್ಮೆಯಾದರೂ ಕೇಳುವ ಪ್ರಶ್ನೆ ಒಂದಿದೆ: "ಈ ಕಾರ್ಡು ತಗೊಂಡು ನೋಡೋ ಡಾಕ್ಟ್ರು ನಮ್ಮೂರಲ್ಲಿ ಯಾರಿದ್ದಾರೆ?" ಕೇಳಲು ಸರಳವಾದ ಪ್ರಶ್ನೆ. ಉತ್ತರ ಹುಡುಕುತ್ತ ಹೊರಟರೆ ನಮ್ಮ ಆರೋಗ್ಯ ವ್ಯವಸ್ಥೆ ಯಾವುದಕ್ಕೆ ಹಣ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ ಎಂಬುದೆಲ್ಲ ಬಯಲಾಗುತ್ತದೆ.

ಮಾತನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಹತ್ತಿರದ ವೈದ್ಯ ಎಂದರೇನು, ಈ ಸೀಮೆಗೆ ಅವರು ಯಾಕೆ ಬೇಕು ಎಂಬುದು ಮೊದಲನೆಯದು. ಕರ್ನಾಟಕದಲ್ಲಿ ಸರ್ಕಾರಿ ಆರೋಗ್ಯ ವಿಮೆ ಬೆಳೆದು ಬಂದ ದಾರಿ ಎರಡನೆಯದು. ಇವತ್ತಿನ ಸ್ಥಿತಿಯಲ್ಲಿ ಆನವಟ್ಟಿಯ ಒಂದು ಕುಟುಂಬ ಏನು ಮಾಡಬಹುದು ಎಂಬುದು ಮೂರನೆಯದು. ವ್ಯವಸ್ಥೆ ಹೇಗೆ ಬದಲಾಗಬೇಕು ಎಂಬುದು ಕೊನೆಯದು. ನಾನು ಹೇಳಬೇಕೆಂದಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಾರ್ಡು ನಮ್ಮನ್ನು ಆಸ್ಪತ್ರೆಯ ಹಾಸಿಗೆಗೆ ಕರೆದೊಯ್ಯುತ್ತದೆ. ನಮ್ಮನ್ನು ಬಲ್ಲ ವೈದ್ಯರ ಬಳಿಗೆ ಕರೆದೊಯ್ಯುವುದಿಲ್ಲ. ಅದು ಮೊದಲು ವೈದ್ಯರ ಬಳಿಗೆ, ಅಗತ್ಯ ಬಿದ್ದರೆ ಆಮೇಲೆ ಹಾಸಿಗೆಗೆ ಕರೆದೊಯ್ಯುವಂತಾಗಬೇಕು.

ಮೊದಲನೆಯ ಭಾಗಕ್ಕೆ ಬರುತ್ತೇನೆ.

ಶಿರಾಳಕೊಪ್ಪದ ಪಕ್ಕದ ಬಳ್ಳಿಗಾವಿ ನಿಮಗೆಲ್ಲ ಗೊತ್ತು. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಮಠ ಕಾಳಾಮುಖ ಯತಿಗಳ ದೊಡ್ಡ ವಿದ್ಯಾಕೇಂದ್ರವಾಗಿತ್ತು. 1162ರ ಶಾಸನವೊಂದು ಆ ಮಠದಲ್ಲಿ ನಡೆಯುತ್ತಿದ್ದ ಕೆಲಸಗಳನ್ನು ಸಾಲಾಗಿ ಹೇಳುತ್ತದೆ. ವೇದ, ವ್ಯಾಕರಣ, ದರ್ಶನಗಳ ಅಧ್ಯಯನ ಅಲ್ಲಿ ನಡೆಯುತ್ತಿತ್ತು. ಬಡವರಿಗೆ, ಕುರುಡರಿಗೆ, ಕಿವುಡರಿಗೆ, ಕುಂಟರಿಗೆ ಅನ್ನ ಸಿಗುತ್ತಿತ್ತು. ಅದೇ ಸಾಲಿನಲ್ಲಿ, ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರ ಮಾಡುವ ಸ್ಥಾನವೂ ಅದೇ ಎಂದು ಶಾಸನ ದಾಖಲಿಸುತ್ತದೆ. ಎಂಟೂವರೆ ಶತಮಾನದ ಹಿಂದೆ ಈ ಸೀಮೆಯವರು ವಿದ್ಯೆ, ಅನ್ನ, ಔಷಧ ಮೂರನ್ನೂ ಒಂದೇ ಜಾಗದಲ್ಲಿ, ಊರಿನೊಳಗೇ ಇಟ್ಟಿದ್ದರು. ಅದಕ್ಕೆ ಬೇಕಾದ ಆದಾಯಕ್ಕೆ ದತ್ತಿ ಬಿಡುತ್ತಿದ್ದರು. ದತ್ತಿಯ ಹೆಸರಿನಲ್ಲಿ ಸೇರಿರುವ ನಾವು ಆ ದತ್ತಿಯನ್ನು ನೆನೆಯುವುದು ಉಚಿತ ಎಂದುಕೊಂಡಿದ್ದೇನೆ.

ಇನ್ನೊಂದು ಉದಾಹರಣೆ ಇತ್ತೀಚಿನದು, ಕಹಿಯಾದದ್ದು. ಆನವಟ್ಟಿ ಇರುವ ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಎಂಬ ಹೆಸರು ಇಂದು ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಇದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸೌದೆಗೆ, ಸೊಪ್ಪಿಗೆ ಕಾಡಿಗೆ ಹೋಗಿ ಬಂದವರಿಗೆ ವಿಪರೀತ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಹೊಸ ವೈರಾಣುವನ್ನು ಗುರುತಿಸಿದರು. ನಮ್ಮ ಜನ ಅದನ್ನು ಮಂಗನ ಕಾಯಿಲೆ ಎಂದರು. ಹರಡುವುದು ಉಣುಗಿನಿಂದ. ಚಳಿಗಾಲದಿಂದ ಮುಂಗಾರು ಬೀಳುವ ತನಕ ಅದರ ಕಾಲ. 2018-19ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ತಂದಿಟ್ಟ ಸಾವು-ನೋವುಗಳನ್ನು ಮಲೆನಾಡು ಮರೆತಿಲ್ಲ.

ಈ ಕಾಯಿಲೆಯ ನಡೆಯನ್ನು ಸ್ವಲ್ಪ ಗಮನಿಸಿ. ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಸೊಂಟ-ಕೈಕಾಲು ಮುರಿದಂಥ ನೋವು. ಮೊದಲ ದಿನಗಳಲ್ಲಿ ಬೇರೆ ಹತ್ತು ಜ್ವರಗಳಿಗೂ ಇದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಈ ವೈರಾಣುವನ್ನೇ ಕೊಲ್ಲುವ ಮದ್ದಿಲ್ಲ. ಬೇಗ ಪತ್ತೆಯಾಗಿ, ದೇಹದ ನೀರು ಆರದಂತೆ, ರಕ್ತಸ್ರಾವ ಆಗದಂತೆ ನೋಡಿಕೊಳ್ಳುವುದೇ ಚಿಕಿತ್ಸೆ. ಕೆಲವರಿಗೆ ಜ್ವರ ಬಿಟ್ಟು, ಒಂದೆರಡು ವಾರ ಆರಾಮಾಗಿದ್ದು, ಮತ್ತೆ ಜ್ವರ ಮರುಕಳಿಸಿ ಮಿದುಳಿಗೂ ನರಗಳಿಗೂ ತೊಂದರೆಯಾಗುತ್ತದೆ. ಇಂಥ ಕಾಯಿಲೆಗೆ ಬೇಕಾದ ವೈದ್ಯರು ಎಂಥವರು? ರೋಗಿ ಒಳಗೆ ಬರುತ್ತಲೇ, "ಈ ವಾರ ಕಾಡಿಗೆ ಹೋಗಿದ್ರಾ? ಆ ಕಡೆ ಮಂಗ ಸತ್ತಿತ್ತಾ?" ಎಂದು ಕೇಳಬಲ್ಲವರು. ಎರಡು ವಾರದ ನಂತರ ಅದೇ ಮನುಷ್ಯ ಬಂದರೆ ಹಿಂದಿನ ಜ್ವರವನ್ನು ನೆನಪಿಟ್ಟು ನೋಡುವವರು. ದೊಡ್ಡ ಯಂತ್ರಗಳಿಗಿಂತ ಮೊದಲು ಇಲ್ಲಿ ಕೆಲಸಕ್ಕೆ ಬರುವುದು ಊರಿನ ಪರಿಚಯ ಮತ್ತು ಮನುಷ್ಯನ ಪರಿಚಯ. ಕುಟುಂಬ ವೈದ್ಯರು ಎಂದಾಗ ನನ್ನ ಮನಸ್ಸಿನಲ್ಲಿರುವುದು ಈ ಎರಡು ಪರಿಚಯಗಳೂ ಉಳ್ಳವರು.

ಹತ್ತಿರದ ವೈದ್ಯರ ಅಗತ್ಯದ ಬಗ್ಗೆ ಇಷ್ಟು ಹೇಳಿ ಎರಡನೆಯ ಭಾಗಕ್ಕೆ, ವಿಮೆಯ ಕಥೆಗೆ ಹೊರಳುತ್ತೇನೆ.

ಕರ್ನಾಟಕ ಈ ವಿಷಯದಲ್ಲಿ ದೇಶಕ್ಕೆ ದಾರಿ ತೋರಿದ ರಾಜ್ಯ. 2002ರ ನವೆಂಬರಿನಲ್ಲಿ ಉದ್ಘಾಟನೆಗೊಂಡು 2003ರ ಜೂನ್ 1ರಿಂದ ಜಾರಿಗೆ ಬಂದ ಯಶಸ್ವಿನಿ ಯೋಜನೆ ಸಹಕಾರಿ ಸಂಘಗಳ ರೈತ ಸದಸ್ಯರಿಗಾಗಿ ಹುಟ್ಟಿತು. ಹೃದಯ ಶಸ್ತ್ರವೈದ್ಯ ಡಾ. ದೇವಿ ಶೆಟ್ಟಿಯವರ ಕಲ್ಪನೆಗೆ ಸಹಕಾರ ಇಲಾಖೆ ಜೊತೆಯಾಯಿತು. ಮೊದಲ ವರ್ಷ ಸದಸ್ಯರೊಬ್ಬರು ಕಟ್ಟಬೇಕಾಗಿದ್ದುದು 60 ರೂಪಾಯಿ, ಅಂದರೆ ತಿಂಗಳಿಗೆ 5 ರೂಪಾಯಿ. ಸರ್ಕಾರ ತಲೆಗೆ 30 ರೂಪಾಯಿ ಸೇರಿಸಿತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಹಾಲಿನ ಡೇರಿಯ, ವ್ಯವಸಾಯ ಸೇವಾ ಸಹಕಾರಿ ಸಂಘದ ಪುಸ್ತಕದಲ್ಲಿ ಹೆಸರಿದ್ದವರು ಶಸ್ತ್ರಚಿಕಿತ್ಸೆಗೆ ದೊಡ್ಡ ಆಸ್ಪತ್ರೆಯ ಮೆಟ್ಟಿಲು ಹತ್ತುವ ಧೈರ್ಯ ಪಡೆದರು. ಅದು ಸಣ್ಣ ಸಾಧನೆಯಲ್ಲ.

ಆಮೇಲೆ ಯೋಜನೆಗಳು ಒಂದರ ಹಿಂದೊಂದು ಬಂದವು. ಕೇಂದ್ರದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ 2008ರಲ್ಲಿ ಬಂತು. ಐದು ಮಂದಿಯ ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿ ಅದರ ಮಿತಿ. ರಾಜ್ಯದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಮೂಲಕ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಕಲಬುರಗಿ ವಿಭಾಗದಿಂದ ಆರಂಭವಾಗಿ, ಹೃದ್ರೋಗ, ಕ್ಯಾನ್ಸರಿನಂಥ ಭಾರೀ ಖರ್ಚಿನ ಕಾಯಿಲೆಗಳಿಗೆ ಬಿಪಿಎಲ್ ಕುಟುಂಬಗಳ ಕೈ ಹಿಡಿಯಿತು. 2018ರ ಮಾರ್ಚಿನಲ್ಲಿ ಇವೆಲ್ಲ ಆರೋಗ್ಯ ಕರ್ನಾಟಕ ಎಂಬ ಒಂದೇ ಸೂರಿನಡಿ ಬಂದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೇಂದ್ರದ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆ ಶುರುವಾಯಿತು. ಅಕ್ಟೋಬರಿನಲ್ಲಿ ಎರಡೂ ಸೇರಿ ನಾವು ಇಂದು ಆಯುಷ್ಮಾನ್ ಕಾರ್ಡು ಎಂದು ಕರೆಯುವ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ರೂಪುಗೊಂಡಿತು. ಈ ವಿಲೀನದಲ್ಲಿ ಕರಗಿಹೋಗಿದ್ದ ಯಶಸ್ವಿನಿ 2022ರ ನವೆಂಬರಿನಲ್ಲಿ ನೋಂದಣಿ ಆರಂಭಿಸಿ ಮರಳಿ ಬಂತು. ಆಗ ಗ್ರಾಮೀಣ ಸಹಕಾರಿ ಸಂಘದ ನಾಲ್ಕು ಮಂದಿಯ ಕುಟುಂಬಕ್ಕೆ 500 ರೂಪಾಯಿ ವಂತಿಗೆ, ವರ್ಷಕ್ಕೆ 5 ಲಕ್ಷದ ಮಿತಿ ಗೊತ್ತುಮಾಡಲಾಯಿತು.

ಆಯುಷ್ಮಾನ್ ಕಾರ್ಡಿನ ಮುಖ್ಯ ನಿಯಮಗಳನ್ನು ಇಲ್ಲಿಯೇ ಹೇಳುವುದು ಒಳ್ಳೆಯದು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ಯೋಜನೆ ಆರಂಭವಾದಾಗ ಪಟ್ಟಿಯಲ್ಲಿ 1,650 ಚಿಕಿತ್ಸಾ ವಿಧಾನಗಳಿದ್ದವು. ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವ ಚಿಕಿತ್ಸೆಯನ್ನು ಅಲ್ಲಿಯೇ ಪಡೆಯಬೇಕು. ಅಲ್ಲಿ ಆಗದಿದ್ದರೆ ಸರ್ಕಾರಿ ವೈದ್ಯರ ರೆಫರ್ ಚೀಟಿ ಹಿಡಿದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕು. ತುರ್ತು ಚಿಕಿತ್ಸೆಗಳಿಗೆ ಮಾತ್ರ ಚೀಟಿ ಬೇಡ.

ಈಗ ಆರಂಭದ ಆ ಪ್ರಶ್ನೆಗೆ ಮರಳೋಣ. ಪೇಟೆಯ ಕ್ಲಿನಿಕ್ಕಿನ ಡಾಕ್ಟರು ಈ ಕಾರ್ಡನ್ನು ಯಾಕೆ ತೆಗೆದುಕೊಳ್ಳುವುದಿಲ್ಲ? ಅವರಿಗೆ ಮನಸ್ಸಿಲ್ಲವೆಂದಲ್ಲ. ಈ ವಿಮೆ ಒಳರೋಗಿಗಳಿಗಾಗಿ ರಚಿತವಾದದ್ದು. ಜನ ಆರೋಗ್ಯ ಯೋಜನೆಯ ಮಾರ್ಗಸೂಚಿಯ ಪ್ರಕಾರ ನೋಂದಾಯಿಸಿಕೊಳ್ಳುವ ಸಾಮಾನ್ಯ ಆಸ್ಪತ್ರೆಗೆ ಕನಿಷ್ಠ 10 ಹಾಸಿಗೆ ಬೇಕು, ಹಗಲು-ರಾತ್ರಿ ಸಿಬ್ಬಂದಿ ಬೇಕು, ಕ್ಲೇಮಿನ ಕಾಗದಪತ್ರ ನೋಡುವವರು ಬೇಕು. ಮೇಜು, ಸ್ಟೆತಾಸ್ಕೋಪು, ಬಿಪಿ ಯಂತ್ರ, ಒಬ್ಬ ಕಾಂಪೌಂಡರು ಇಷ್ಟರಲ್ಲಿ ನೂರಾರು ಮನೆಗಳ ಆರೋಗ್ಯ ನೋಡಿಕೊಳ್ಳುವ ವೈದ್ಯರಿಗೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ. ಹೊರರೋಗಿಯಾಗಿ ತೋರಿಸಿಕೊಂಡು, ಮಾತ್ರೆ ಬರೆಸಿಕೊಂಡು ಮನೆಗೆ ಹೋಗುವವರ ಖರ್ಚಿಗೆ ಪ್ಯಾಕೇಜ್ ಇಲ್ಲ.

ಇದರ ಅರ್ಥ ಸ್ಪಷ್ಟವಾಗಲು ಆನವಟ್ಟಿ ಹೋಬಳಿಯ ಒಂದು ಬಿಪಿಎಲ್ ಮನೆಯನ್ನು ಕಲ್ಪಿಸಿಕೊಳ್ಳೋಣ. ಅಜ್ಜನಿಗೆ ಬಿಪಿ, ಶುಗರ್ ಎರಡೂ ಇವೆ. ಅಜ್ಜಿಗೆ ಕಣ್ಣಿನ ಪೊರೆ. ಮಗ ಭತ್ತದ ಗದ್ದೆಯ ಜೊತೆಗೆ ಒಂದಿಷ್ಟು ಶುಂಠಿ ಹಾಕಿದ್ದಾನೆ. ಸೊಸೆ ಎರಡನೆಯ ಬಸುರಿ. ಮೊಮ್ಮಗಳಿಗೆ ಮಳೆಗಾಲ ಬಂತೆಂದರೆ ಕೆಮ್ಮು, ಜ್ವರ. ಈ ಮನೆಯ ಒಂದು ವರ್ಷದಲ್ಲಿ ಕಾರ್ಡು ಎಲ್ಲೆಲ್ಲಿ ಕೆಲಸ ಮಾಡುತ್ತದೆ? ಅಜ್ಜಿಯ ಪೊರೆಯ ಶಸ್ತ್ರಚಿಕಿತ್ಸೆ ಉಚಿತವಾಗಿ ಆಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಸೊಸೆಯ ಹೆರಿಗೆಗೆ ಕಾರ್ಡಿನ ಹಂಗೇ ಇಲ್ಲ. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಔಷಧ, ಪರೀಕ್ಷೆ, ವಾಹನ ಎಲ್ಲವೂ ಉಚಿತ. ಅಜ್ಜನಿಗೆ ಹೃದಯಾಘಾತವಾದರೆ ತುರ್ತು ಚಿಕಿತ್ಸೆಗೆ ಕಾರ್ಡು ಇದೆ. ಆದರೆ ಮೊಮ್ಮಗಳ ಜ್ವರಕ್ಕೆ ಕ್ಲಿನಿಕ್ಕಿಗೆ ಹೋದರೆ ಫೀಸು, ಔಷಧ ಎರಡೂ ಕೈಯಿಂದಲೇ. ಶುಂಠಿ ಗದ್ದೆಗೆ ಔಷಧಿ ಹೊಡೆದು ತಲೆ ಸುತ್ತಿದ ಮಗ ಸಂಜೆ ಹೋಗಿ ಒಂದು ಸೂಜಿ ಚುಚ್ಚಿಸಿಕೊಂಡರೆ ಅದೂ ಕೈಯಿಂದಲೇ. ಅಜ್ಜನ ಬಿಪಿ, ಶುಗರ್ ಮಾತ್ರೆಯನ್ನು ಮೆಡಿಕಲ್ ಶಾಪಿನಲ್ಲಿ ಕೊಂಡರೆ ತಿಂಗಳು ತಿಂಗಳೂ ಕೈಯಿಂದಲೇ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಹತ್ತು ವರ್ಷ ಬಿಡದೆ ಮಾತ್ರೆ ನುಂಗಿ, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷಿಸಿಕೊಂಡರೆ ತಪ್ಪಬಹುದಾದ ಹೃದಯಾಘಾತಕ್ಕೆ ವಿಮೆ ಲಕ್ಷಗಟ್ಟಲೆ ಕೊಡುತ್ತದೆ. ಆ ಹತ್ತು ವರ್ಷದ ಮಾತ್ರೆಗೂ ತಪಾಸಣೆಗೂ ಒಂದು ರೂಪಾಯಿ ಕೊಡುವುದಿಲ್ಲ. ಕೆರೆಯ ಏರಿಯಲ್ಲಿ ಬಿರುಕು ಕಂಡಾಗ ಒಂದು ಬುಟ್ಟಿ ಮಣ್ಣು ಹಾಕದೆ, ಏರಿ ಒಡೆದ ಮೇಲೆ ಪರಿಹಾರ ಹಂಚುವ ಲೆಕ್ಕ ಇದು. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಜೇಬಿನಿಂದ ಕೊಡುವ ಪಾಲು 2013-14ರಲ್ಲಿ ಶೇ 64.2 ಇತ್ತು, 2021-22ರಲ್ಲಿ ಶೇ 39.4ಕ್ಕೆ ಇಳಿದಿದೆ. ಇಳಿದಿರುವುದು ಸಂತೋಷವೇ. ಉಳಿದಿರುವ ಭಾರದಲ್ಲಿ ಹೊರರೋಗಿ ಚಿಕಿತ್ಸೆಯದೂ ಔಷಧದ್ದೂ ದೊಡ್ಡ ಪಾಲು ಎಂಬುದನ್ನು ಮರೆಯಬಾರದು.

ಹಾಗಾದರೆ ಇವತ್ತು ಏನು ಮಾಡಬೇಕು? ಇದು ನನ್ನ ಮೂರನೆಯ ಭಾಗ. ಇಲ್ಲಿ ಕೇಳಿದ್ದನ್ನು ಮನೆಗೆ ಹೋಗಿ ನಾಲ್ಕು ಜನರಿಗೆ ಹೇಳಿ ಎಂದು ವಿದ್ಯಾರ್ಥಿಗಳನ್ನು ಕೇಳಿಕೊಳ್ಳುತ್ತೇನೆ.

ಆನವಟ್ಟಿಯಲ್ಲಿ ಸರ್ಕಾರದ ಹಣದಲ್ಲಿ ದಿನನಿತ್ಯದ ಕಾಯಿಲೆಗೆ ನೋಡುವ ವೈದ್ಯರು ಇಲ್ಲ ಎನ್ನುವುದು ಸರಿಯಲ್ಲ. ಇದ್ದಾರೆ. ಅವರು ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ, ಸುತ್ತಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೂತಿದ್ದಾರೆ. ಅವರಿಗೆ ತೋರಿಸಲು ಕಾರ್ಡೇ ಬೇಕಿಲ್ಲ. ಒಪಿಡಿ ಚೀಟಿ ಮಾಡಿಸಿದರೆ ಸಾಕು. 2018ರ ಏಪ್ರಿಲಿನಲ್ಲಿ ಆರಂಭವಾದ, ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಫಲಕ ಬದಲಾಗಿರುವ ಕೇಂದ್ರಗಳಲ್ಲಿ 12 ಬಗೆಯ ಸೇವೆಗಳು ಸಿಗಬೇಕೆಂದು ನಿಯಮವಿದೆ. ಗರ್ಭಿಣಿ, ಮಕ್ಕಳ ಆರೈಕೆಯ ಜೊತೆಗೆ ಬಿಪಿ, ಶುಗರ್, ಕಣ್ಣು, ಹಲ್ಲು, ಮಾನಸಿಕ ಆರೋಗ್ಯ, ವೃದ್ಧರ ಆರೈಕೆ ಎಲ್ಲವೂ ಅದರಲ್ಲಿವೆ. ಮೂವತ್ತು ದಾಟಿದ ಪ್ರತಿಯೊಬ್ಬರಿಗೂ ಬಿಪಿ, ಶುಗರ್ ತಪಾಸಣೆ ಆಗಬೇಕು; ಕಾಯಿಲೆ ಇದ್ದವರಿಗೆ ಮಾತ್ರೆ ಉಚಿತವಾಗಿ ಸಿಗಬೇಕು. ಉಪಕೇಂದ್ರದಲ್ಲಿರುವ ಸಮುದಾಯ ಆರೋಗ್ಯಾಧಿಕಾರಿ ಇ-ಸಂಜೀವಿನಿಯ ಮೂಲಕ ದೂರದ ವೈದ್ಯರನ್ನು ಪರದೆಯ ಮೇಲೆ ಮಾತಾಡಿಸಬಲ್ಲರು. ಹಾಗಾಗಿ ನಮ್ಮ ಅಜ್ಜನ ಬಿಪಿ ಮಾತ್ರೆಗೆ ಮೊದಲ ವಿಳಾಸ ಮೆಡಿಕಲ್ ಶಾಪು ಆಗಬೇಕಿಲ್ಲ.

ಮೊದಲ ಸಲಹೆ ಇದು: ನಿಮ್ಮ ಮನೆ ಯಾವ ಉಪಕೇಂದ್ರಕ್ಕೆ, ಯಾವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸೇರಿದೆ ಎಂದು ತಿಳಿದುಕೊಳ್ಳಿ. ನಿಮ್ಮ ಬೀದಿಯ ಆಶಾ ಅಕ್ಕನನ್ನು ಕೇಳಿದರೆ ಸಾಕು. ಗುಡ್ಡಗಾಡು ಪ್ರದೇಶಕ್ಕೆ 20,000 ಜನರಿಗೆ, ಬಯಲು ಸೀಮೆಗೆ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ದೇಶದ ಮಾನದಂಡ. ಅಂದರೆ ಪ್ರತಿ ಮನೆಯೂ ಒಂದಲ್ಲ ಒಂದು ಕೇಂದ್ರದ ಲೆಕ್ಕದಲ್ಲಿದೆ. ಆರೋಗ್ಯವಾಗಿದ್ದಾಗಲೇ ಒಮ್ಮೆ ಹೋಗಿ ವೈದ್ಯರನ್ನು, ಸಿಸ್ಟರನ್ನು ಪರಿಚಯ ಮಾಡಿಕೊಳ್ಳಿ.

ಎರಡನೆಯದು, ಕಾರ್ಡನ್ನು ಈಗಲೇ ಮಾಡಿಸಿ. ರೇಷನ್ ಕಾರ್ಡು, ಆಧಾರ್ ಎರಡನ್ನೂ ಹಿಡಿದು ಗ್ರಾಮ ಒನ್ ಕೇಂದ್ರಕ್ಕೆ ಹೋದರೆ ಆಗುತ್ತದೆ. ಹೆಸರಿನ ಅಕ್ಷರ, ಹುಟ್ಟಿದ ವರ್ಷ ಎರಡು ಕಡೆಯೂ ಒಂದೇ ಇದೆಯೇ ನೋಡಿಕೊಳ್ಳಿ. ಮದುವೆಯಾಗಿ ಬಂದ ಸೊಸೆಯ ಹೆಸರು, ಹುಟ್ಟಿದ ಮಗುವಿನ ಹೆಸರು ರೇಷನ್ ಕಾರ್ಡಿಗೆ ಸೇರಿದೆಯೇ ಪರೀಕ್ಷಿಸಿ. ರಾತ್ರಿ ಎರಡು ಗಂಟೆಗೆ ಆಸ್ಪತ್ರೆಯ ಕೌಂಟರಿನ ಮುಂದೆ ನಿಂತು ಸರಿಪಡಿಸುವ ಕೆಲಸ ಅದಲ್ಲ. ಸಹಕಾರಿ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿಯ ನೋಂದಣಿ ಯಾವಾಗ ತೆರೆಯುತ್ತದೆಂದು ಸಂಘದ ಕಾರ್ಯದರ್ಶಿಯನ್ನು ಕೇಳಿಟ್ಟುಕೊಳ್ಳಿ.

ಮೂರನೆಯದು, ದೊಡ್ಡಾಸ್ಪತ್ರೆಗೆ ಹೋಗುವ ಮೊದಲು ರೆಫರ್ ಚೀಟಿ. ನಮ್ಮಲ್ಲಿ ಅನೇಕರು ನೇರವಾಗಿ ಶಿವಮೊಗ್ಗದ ಖಾಸಗಿ ಆಸ್ಪತ್ರೆಗೆ ಹೋಗಿ, ದಾಖಲಾಗಿ, ಆಮೇಲೆ ಕಾರ್ಡು ತೆಗೆಯುತ್ತಾರೆ. ತುರ್ತಲ್ಲದ ಚಿಕಿತ್ಸೆಗೆ ಅಲ್ಲಿಂದ ದಾರಿ ಮುಚ್ಚಿರುತ್ತದೆ. ಆನವಟ್ಟಿ ಅಥವಾ ಸೊರಬದ ಸರ್ಕಾರಿ ವೈದ್ಯರು ನೋಡಿ, ಇಲ್ಲಿ ಆಗದು ಎಂದು ಬರೆದುಕೊಟ್ಟರೆ ಮುಂದಿನ ದಾರಿ ತೆರೆಯುತ್ತದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆ. ಈ ಯೋಜನೆಯೊಳಗೇ ಇದೆ. ನಮ್ಮ ಊರಿಗೆ ಇನ್ನೊಂದು ಅನುಕೂಲವೂ ಇದೆ. ನಾವು ಶಿವಮೊಗ್ಗ ಜಿಲ್ಲೆಯ ಅಂಚಿನವರು. ಹಾನಗಲ್ ಕಡೆಯ ಬಸ್ಸು ಹತ್ತಿದರೆ ಬೇಗ ಹಾವೇರಿ ಜಿಲ್ಲೆ. ಯೋಜನೆ ಇಡೀ ರಾಜ್ಯದ್ದು. ಜಿಲ್ಲೆಯ ಗಡಿ ಕಾರ್ಡಿಗೆ ಅಡ್ಡಿಯಲ್ಲ. ಎದೆನೋವು, ಹಾವು ಕಡಿತ, ಅಪಘಾತದಂಥ ಹೊತ್ತಿನಲ್ಲಂತೂ ಚೀಟಿ, ಗಡಿ ಯಾವುದನ್ನೂ ಯೋಚಿಸದೆ 108ಕ್ಕೆ ಕರೆ ಮಾಡಿ.

ನಾಲ್ಕನೆಯದು, ನೋಂದಾಯಿತ ಆಸ್ಪತ್ರೆಯಲ್ಲಿ ಮೊದಲು ಭೇಟಿಯಾಗಬೇಕಾದವರು ಯೋಜನೆಯ ಸಹಾಯಕರಾದ ಆರೋಗ್ಯ ಮಿತ್ರ. ಈ ಕಾಯಿಲೆ ಪಟ್ಟಿಯಲ್ಲಿದೆಯೇ, ಈ ಆಸ್ಪತ್ರೆಗೆ ಈ ವಿಭಾಗದ ಅನುಮತಿ ಇದೆಯೇ, ಪ್ಯಾಕೇಜಿನ ಹೊರಗೆ ಏನಾದರೂ ಕೊಡಬೇಕೇ ಎಂಬ ಮೂರು ಪ್ರಶ್ನೆಗಳನ್ನು ದಾಖಲಾಗುವ ಮುನ್ನವೇ ಕೇಳಿ. ಉತ್ತರ ಸಿಗದಿದ್ದರೆ, ಅಥವಾ ಹಣ ಕೇಳಿದರೆ, ಆರೋಗ್ಯ ಸಹಾಯವಾಣಿ 104ಕ್ಕೋ ಕೇಂದ್ರದ 14555ಕ್ಕೋ ಕರೆ ಮಾಡಬಹುದು.

ಐದನೆಯದು ಖಾಸಗಿ ಕ್ಲಿನಿಕ್ಕುಗಳ ಮಾತು. ಸಂಜೆ ಆರರ ನಂತರ ಮಗುವಿಗೆ ಜ್ವರ ಬಂದರೆ ನಾವೆಲ್ಲ ಹೋಗುವುದು ಅಲ್ಲಿಗೇ. ಹೋಗಬೇಕಾದದ್ದೇ. ಈ ಸೀಮೆಯ ಆರೋಗ್ಯದ ಭಾರವನ್ನು ಅವರೂ ಹೊತ್ತಿದ್ದಾರೆ. ಆಯ್ಕೆ ಮಾತ್ರ ಎಚ್ಚರದಿಂದ ಇರಲಿ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದಲೂ ಇದೆ, 2017ರಲ್ಲಿ ತಿದ್ದುಪಡಿಯಾಗಿದೆ. ಕ್ಲಿನಿಕ್ಕು ನೋಂದಣಿಯಾಗಿರಬೇಕು, ನೋಂದಣಿ ಪತ್ರ, ದರಪಟ್ಟಿ ಕಾಣುವಂತೆ ಇರಬೇಕು. ಯಾವ ಪದ್ಧತಿಯಲ್ಲಿ ಓದಿದ ವೈದ್ಯರು ಎಂದು ಕೇಳುವುದು ಅಗೌರವವಲ್ಲ. ಬಂದವರಿಗೆಲ್ಲ ಸೂಜಿ, ಗ್ಲೂಕೋಸ್ ಎನ್ನುವ ವೈದ್ಯರಿಗಿಂತ, ಸೂಜಿ ಬೇಡ ಎಂದು ತಿಳಿಸಿ ಹೇಳುವ ವೈದ್ಯರನ್ನು ಹಿಡಿದುಕೊಳ್ಳಿ, ಅವರನ್ನೇ ಮುಂದುವರಿಸಿ.

ಕೊನೆಯದು, ಮನೆಯ ಪ್ರತಿಯೊಬ್ಬರಿಗೂ ಒಂದು ಫೈಲು. ಹಳೆಯ ಚೀಟಿ, ರಕ್ತ ಪರೀಕ್ಷೆಯ ವರದಿ, ಡಿಸ್ಚಾರ್ಜ್ ಸಮ್ಮರಿ ಎಲ್ಲ ದಿನಾಂಕದ ಕ್ರಮದಲ್ಲಿ. ಇದನ್ನು ಮಾಡಿಕೊಡುವುದು ಮನೆಯಲ್ಲಿ ಓದುವ ಮಕ್ಕಳ ಕೆಲಸವಾಗಲಿ. ಡಿಜಿಟಲ್ ಆರೋಗ್ಯ ಖಾತೆಯ 14 ಅಂಕಿಯ ಆಭಾ ಸಂಖ್ಯೆ ಮಾಡಿಸಿದರೆ ದಾಖಲೆಗಳನ್ನು ಮೊಬೈಲಿನಲ್ಲೂ ಇಟ್ಟುಕೊಳ್ಳಬಹುದು. ವೈದ್ಯರು ವರ್ಗವಾಗಿ ಹೋದರೂ ರೋಗಿಯ ಚರಿತ್ರೆ ಮನೆಯಲ್ಲೇ ಉಳಿಯುತ್ತದೆ.

ವರ್ಗಾವಣೆಯ ಈ ಮಾತಿನಿಂದಲೇ ನನ್ನ ನಾಲ್ಕನೆಯ ಭಾಗ ಶುರುವಾಗುತ್ತದೆ. ಇಲ್ಲಿಯವರೆಗೆ ಹೇಳಿದ್ದು ಇರುವುದರಲ್ಲೇ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು. ಇರುವುದು ಸಾಲದು ಎಂಬುದನ್ನೂ ಹೇಳಬೇಕು.

ಗ್ರಾಮೀಣ ಕೇಂದ್ರಗಳ ದೊಡ್ಡ ಕೊರತೆ ನಿರಂತರತೆ. ಓದು ಮುಗಿಸಿದ ವೈದ್ಯರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂಬ ಕಾಯ್ದೆಯನ್ನು ಕರ್ನಾಟಕ 2012ರಲ್ಲೇ ಮಾಡಿತು. ಅದರಿಂದ ಖಾಲಿ ಕುರ್ಚಿಗಳು ತುಂಬಿದವು. ಉತ್ಸಾಹಿ ಯುವ ವೈದ್ಯರು ಹಳ್ಳಿಗೆ ಬಂದರು. ಆದರೆ ಊರಿನ ದಾರಿ, ಮನೆಗಳ ಹೆಸರು, ಕಾಯಿಲೆಗಳ ಕಾಲ ಇವೆಲ್ಲ ಅರ್ಥವಾಗುವ ಹೊತ್ತಿಗೆ ವರ್ಷ ಮುಗಿದು ಅವರು ಹೊರಡುತ್ತಾರೆ. ಮಂಗನ ಕಾಯಿಲೆಯ ಬಗ್ಗೆ ಹೇಳುವಾಗ ಎರಡು ಪರಿಚಯಗಳು ಬೇಕೆಂದೆನಲ್ಲ, ಅವು ಒಂದು ವರ್ಷದಲ್ಲಿ ಬೆಳೆಯುವಂಥವಲ್ಲ.

ಇದಕ್ಕೆ ಪರಿಹಾರ ಹುಡುಕಿದ ದೇಶಗಳಿವೆ. ಬ್ರಿಟನ್ 1911ರ ರಾಷ್ಟ್ರೀಯ ವಿಮಾ ಕಾಯ್ದೆಯಲ್ಲಿ ಕಾರ್ಮಿಕರು ತಮ್ಮ ಪ್ರದೇಶದ ವೈದ್ಯರ ಪಟ್ಟಿಯಿಂದ ಒಬ್ಬರನ್ನು ಆರಿಸಿಕೊಳ್ಳುವ ಏರ್ಪಾಡು ಮಾಡಿತು. 1948ರ ಜುಲೈ 5ರಂದು ಆರಂಭವಾದ ಅವರ ರಾಷ್ಟ್ರೀಯ ಆರೋಗ್ಯ ಸೇವೆ ಇದನ್ನು ಇಡೀ ಜನತೆಗೆ ವಿಸ್ತರಿಸಿತು. ಅಲ್ಲಿ ಪ್ರತಿಯೊಬ್ಬರೂ ಹತ್ತಿರದ ಸಾಮಾನ್ಯ ವೈದ್ಯರ ಬಳಿ ಹೆಸರು ನೋಂದಾಯಿಸುತ್ತಾರೆ. ಎಷ್ಟು ಸೂಜಿ ಚುಚ್ಚಿದರು ಎಂಬ ಲೆಕ್ಕ ಬಿಟ್ಟು, ಎಷ್ಟು ಜನರ ಹೊಣೆ ಹೊತ್ತಿದ್ದಾರೆ ಎಂಬುದರ ಮೇಲೆ ವೈದ್ಯರಿಗೆ ಮುಖ್ಯವಾಗಿ ಹಣ ಸಲ್ಲುತ್ತದೆ. ಥಾಯ್ಲೆಂಡ್ ನಮ್ಮಂತೆಯೇ ಭತ್ತ ಬೆಳೆಯುವ ಹಳ್ಳಿಗಳ ದೇಶ. 2002ರಲ್ಲಿ ಅದು ಎಲ್ಲರಿಗೂ ಆರೋಗ್ಯ ರಕ್ಷಣೆ ತಂದಾಗ ಜನರನ್ನು ಹತ್ತಿರದ ಆರೋಗ್ಯ ಕೇಂದ್ರ ಮತ್ತು ಜಿಲ್ಲಾ ಆಸ್ಪತ್ರೆಗಳ ಜಾಲದಲ್ಲಿ ನೋಂದಾಯಿಸಿ, ತಲೆಗಿಷ್ಟು ಎಂದು ಆ ಜಾಲಕ್ಕೆ ಹಣ ಕೊಟ್ಟಿತು. ಹೊರರೋಗಿ ಚಿಕಿತ್ಸೆಯನ್ನು ಅದು ಹೊರಗಿಡಲಿಲ್ಲ.

ನಮ್ಮ ದೇಶಕ್ಕೂ ಇದು ಹೊಸದಲ್ಲ. 1948ರ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆಯಡಿ 1952ರ ಫೆಬ್ರುವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಇಎಸ್‌ಐ ಆರಂಭವಾಯಿತು. ಕೆಲವು ರಾಜ್ಯಗಳಲ್ಲಿ ಇಎಸ್‌ಐ ಡಿಸ್ಪೆನ್ಸರಿಗಳ ಜೊತೆಗೆ ಖಾಸಗಿ ವೈದ್ಯರನ್ನೂ ಪಟ್ಟಿಗೆ ಸೇರಿಸಿಕೊಂಡು, ಅವರ ಬಳಿ ನೋಂದಾಯಿಸಿದ ಕಾರ್ಮಿಕ ಕುಟುಂಬಗಳ ಸಂಖ್ಯೆಗೆ ತಕ್ಕಂತೆ ಹಣ ಕೊಡುವ ಪದ್ಧತಿ ಇದೆ. ಜ್ವರಕ್ಕೂ ಕೆಮ್ಮಿಗೂ ಆ ವಿಮೆ ಸಲ್ಲುತ್ತದೆ. ಕಾರ್ಖಾನೆಯ ಕಾರ್ಮಿಕರಿಗೆ ಸಾಧ್ಯವಾದದ್ದು ಶುಂಠಿ ಗದ್ದೆಯ ಕೂಲಿಗೆ, ಅಡಿಕೆ ಸುಲಿಯುವ ತಾಯಂದಿರಿಗೆ ಯಾಕೆ ಸಾಧ್ಯವಾಗಬಾರದು? ನಮ್ಮದೇ ಯಶಸ್ವಿನಿ ಕೂಡ ಆರಂಭದ ದಿನಗಳಲ್ಲಿ ತನ್ನ ಜಾಲದ ಆಸ್ಪತ್ರೆಗಳಲ್ಲಿ ಹೊರರೋಗಿ ಸಲಹೆಯನ್ನು ಉಚಿತವಾಗಿಯೂ ಪರೀಕ್ಷೆಗಳನ್ನು ರಿಯಾಯಿತಿ ದರದಲ್ಲಿಯೂ ಕೊಟ್ಟಿತ್ತು. ಆ ಎಳೆಯನ್ನು ಹಿಡಿದು ಮುಂದುವರಿಯಬಹುದು.

ನನ್ನ ಸೂಚನೆ ಹೀಗಿದೆ. ಆರೋಗ್ಯ ಕಾರ್ಡಿನ ಮೇಲೆ ಕುಟುಂಬದ ಹೆಸರಿನ ಜೊತೆಗೆ ಒಂದು ಆರೋಗ್ಯ ಕೇಂದ್ರದ, ಒಬ್ಬ ವೈದ್ಯರ ಹೆಸರು ಇರಬೇಕು. ಮೊದಲ ಆಯ್ಕೆ ಸರ್ಕಾರಿ ಕೇಂದ್ರವೇ ಆಗಿರಲಿ. ಅಲ್ಲಿಗೆ ಕನಿಷ್ಠ ಕೆಲವು ವರ್ಷ ನೆಲೆಯಾಗಿ ನಿಲ್ಲುವ ವೈದ್ಯರಿಗೆ ವಸತಿ, ಭತ್ಯೆ, ಉನ್ನತ ಓದಿನಲ್ಲಿ ಆದ್ಯತೆ ಸಿಗಲಿ. ಕೇಂದ್ರ ದೂರವಿರುವ ಕಡೆ, ಒಪ್ಪುವ ಖಾಸಗಿ ವೈದ್ಯರನ್ನು ಕರಾರಿನ ಮೇಲೆ ಸೇರಿಸಿಕೊಳ್ಳಲಿ. ವರ್ಷಕ್ಕೆ ಕುಟುಂಬಕ್ಕಿಷ್ಟು ಎಂದು ಅವರಿಗೆ ಸಮಯಕ್ಕೆ ಸರಿಯಾಗಿ ಹಣ ಬರಲಿ. ಬಿಪಿ, ಶುಗರ್ ಮಾತ್ರೆಗಳು ಸರ್ಕಾರಿ ದಾಸ್ತಾನಿನಿಂದ ಅವರ ರೋಗಿಗಳಿಗೂ ಸಿಗಲಿ. ರೆಫರ್ ಚೀಟಿ ಬರೆಯುವ ಅಧಿಕಾರವೂ ಹೊಣೆಯೂ ಅವರಿಗಿರಲಿ.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಣ ಹೇಗೂ ಬರುತ್ತದೆಂದು ವೈದ್ಯರು ರೋಗಿಗಳನ್ನು ಅಲಕ್ಷಿಸಬಹುದು. ಕಷ್ಟದ ರೋಗಿಗಳನ್ನೆಲ್ಲ ಚೀಟಿ ಬರೆದು ಸಾಗಹಾಕಬಹುದು. ಇವೆರಡಕ್ಕೂ ಮದ್ದಿದೆ. ಕುಟುಂಬಕ್ಕೆ ವರ್ಷಕ್ಕೊಮ್ಮೆ ವೈದ್ಯರನ್ನು ಬದಲಿಸುವ ಹಕ್ಕು ಇರಲಿ. ಎಷ್ಟು ಜನರ ಬಿಪಿ ಹತೋಟಿಯಲ್ಲಿದೆ, ಎಷ್ಟು ಗರ್ಭಿಣಿಯರ ತಪಾಸಣೆ ಪೂರ್ತಿಯಾಗಿದೆ, ಎಷ್ಟು ಚೀಟಿ ಬರೆದಿದ್ದಾರೆ ಎಂಬ ಲೆಕ್ಕ ವರ್ಷಕ್ಕೆರಡು ಸಲ ಗ್ರಾಮಸಭೆಯ ಮುಂದೆ ಬರಲಿ. ರೋಗಿಗಳ ಹೆಸರು ಬೇಡ, ಲೆಕ್ಕ ಸಾಕು. ಖಾಸಗಿ ವೈದ್ಯರ ಅಳಲೂ ನ್ಯಾಯವಾದದ್ದೇ: ಸರ್ಕಾರದ ಬಿಲ್ಲು ತಿಂಗಳುಗಟ್ಟಲೆ ತಡವಾದರೆ ಸಣ್ಣ ಕ್ಲಿನಿಕ್ಕು ಉಳಿಯುವುದಿಲ್ಲ. ತಲೆಗಿಷ್ಟು ಎಂಬ ಹಣವನ್ನು ಮುಂಗಡವಾಗಿ ಕೊಡುವುದರಲ್ಲಿ ಅದಕ್ಕೂ ಉತ್ತರವಿದೆ, ಏಕೆಂದರೆ ಪ್ರತಿ ರೋಗಿಗೂ ಒಂದೊಂದು ಕ್ಲೇಮು ಬರೆಯುವ ಕೆಲಸವೇ ಉಳಿಯುವುದಿಲ್ಲ.

ಇವೆಲ್ಲ ಬೆಂಗಳೂರಿನಲ್ಲಿ, ದೆಹಲಿಯಲ್ಲಿ ಆಗಬೇಕಾದ ನಿರ್ಧಾರಗಳು ಎಂದು ನಾವು ಕೈಕಟ್ಟಿ ಕೂರಬೇಕಿಲ್ಲ. ಪ್ರತಿ ಹಳ್ಳಿಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಇರಬೇಕು. ಪ್ರತಿ ಸರ್ಕಾರಿ ಆಸ್ಪತ್ರೆಗೂ ಆರೋಗ್ಯ ರಕ್ಷಾ ಸಮಿತಿ ಇದೆ. ಅವುಗಳ ಸಭೆ ಯಾವಾಗ ನಡೆಯುತ್ತದೆ, ಅಲ್ಲಿ ನಮ್ಮ ಪರ ಮಾತಾಡುವವರು ಯಾರು ಎಂದು ವಿಚಾರಿಸಿ. ಬಿಪಿ ಮಾತ್ರೆ ಮುಗಿದಿದ್ದರೆ, ಪರೀಕ್ಷೆಯ ಕಿಟ್ ಇಲ್ಲದಿದ್ದರೆ, ವೈದ್ಯರ ಹುದ್ದೆ ಖಾಲಿಯಿದ್ದರೆ ಆ ಸಭೆಯ ನಡಾವಳಿಯಲ್ಲಿ ಬರೆಸಿ. ಈ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ಒಂದೊಂದು ಬೀದಿ ಹಂಚಿಕೊಂಡು ಯಾರ ಕಾರ್ಡು ಆಗಿಲ್ಲ, ಯಾರ ಹೆಸರು ತಪ್ಪಾಗಿದೆ ಎಂದು ಪಟ್ಟಿ ಮಾಡಿ ಗ್ರಾಮ ಒನ್ ಕೇಂದ್ರಕ್ಕೆ ಕರೆದೊಯ್ದರೆ, ಅದು ಯಾವ ಶಿಬಿರಕ್ಕೂ ಕಡಿಮೆಯಲ್ಲದ ಸೇವೆ.

ಸರ್ಕಾರಿ ಆಸ್ಪತ್ರೆ ಬಡವರಿಗೆ ಮಾತ್ರ ಎಂದು ಉಳ್ಳವರು ದೂರ ಉಳಿದಷ್ಟು ಕಾಲ ಅದರ ಕೊರತೆಯನ್ನು ಕೇಳುವ ದನಿಗಳು ಕ್ಷೀಣವಾಗಿಯೇ ಇರುತ್ತವೆ. ಶಿಕ್ಷಕರು, ವ್ಯಾಪಾರಿಗಳು, ಪಂಚಾಯಿತಿ ಸದಸ್ಯರು ತಮ್ಮ ಬಿಪಿಯನ್ನೂ ಅಲ್ಲೇ ನೋಡಿಸಿಕೊಳ್ಳಲಿ. ಆಗ ಮಾತ್ರೆ ಮುಗಿದ ಸುದ್ದಿ ಅದೇ ದಿನ ಸೊರಬಕ್ಕೆ ಮುಟ್ಟುತ್ತದೆ. ಸಹಕಾರಿ ಸಂಘದ ಐದು ರೂಪಾಯಿಯಿಂದ ರಾಜ್ಯದ ವಿಮೆಯನ್ನು ಕಟ್ಟಿದ ಜನ ನಾವು. ಹಾಸಿಗೆಯ ಹಕ್ಕನ್ನು ಪಡೆದಿದ್ದೇವೆ. ನಮ್ಮನ್ನು ಬಲ್ಲ ವೈದ್ಯರ ಹಕ್ಕನ್ನು ಇನ್ನು ಕೇಳೋಣ. ಮುಂದಿನ ಗ್ರಾಮಸಭೆಯಲ್ಲಿ, ಮುಂದಿನ ಚುನಾವಣೆಯ ಪ್ರಶ್ನೆಯಲ್ಲಿ, ಹೆಸರು ಹಿಡಿದು, ಒತ್ತಾಯದಿಂದ ಕೇಳೋಣ.